ಖಾಲಿ ದೋಣಿಯ ಭಾರ

ಹಡಗಲಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕುಳಿತಿದ್ದರು. ದೋಣಿಗಳ ಸುರಕ್ಷತೆ ತಪಾಸಣೆಗೆ ಬಂದಿದ್ದ ಅಮೃತಾ, ಹೊಳೆ ದಾಟಿಸುವ ಓಬಳೇಶ.

“ಓಬಳೇಶಣ್ಣ, ಭಾರ ನೋಡಾಕ ಹೇರಿದ್ದ ಮರಳಿನ ಚೀಲ ಎಲ್ಲಾ ಇಳಿಸಿದ ಮ್ಯಾಲೂ ನಿಮ್ಮ ದೋಣಿ ಯಾಕ ಮ್ಯಾಲೇಳಲಿಲ್ಲ?”

“ಹೋದ ವರ್ಷ ಮುಳುಗಿದಾಗಿಂದ ಹಂಗ ಐತ್ರಿ ಮೇಡಂ.”

“ತಳದಾಗ ನೀರು ಹೊಕ್ಕಿರಬೇಕು.”

“ಹಲಗಿ ಬಿಚ್ಚಿ ನೋಡೇನ್ರಿ. ಒಣಗೈತಿ.”

“ಖಾಲಿ ಇದ್ರೂ ಮೂರು ಮಂದಿ ಕುಂತಷ್ಟು ಭಾರ ತೋರಸ್ತು.”

“ಅವತ್ತು ಹೆಣ ಸಿಗಲಾರದವರೂ ಮೂರೇ ಮಂದಿರಿ.”

ಅಮೃತಾ ಚೀಲದಿಂದ ಹಾಳೆ ತೆಗೆದು ಒಂದು ಸಾಲು ಬರೆದರು.

“ನಾಳಿಂದ ಯಾರನ್ನೂ ಹತ್ತಿಸಬ್ಯಾಡ್ರಿ. ವರದಿಯೊಳಗ ಅಷ್ಟು ಬರದೀನಿ.”

“ಹತ್ತಸಂಗಿಲ್ರಿ. ಇದ್ದವರನ್ನ ಇಳಸೋದು ಹೆಂಗ, ಅದನ್ನ ಹೇಳ್ರಿ.”

ಅಷ್ಟರಲ್ಲಿ ಬಸ್ ಬಂತು. ಅಮೃತಾ ಹತ್ತಿದರು. ಓಬಳೇಶ ಹೊಳೆಯ ದಾರಿ ಹಿಡಿದ.