ದಿಂಬಿನ ಬಾಯಿ

ನಿಮ್ಮಜ್ಜಿಗೆ ಅರಳುಮರಳಲ್ಲ ಕಣೇ ಅನು, ನಾನು ದಿಂಬು ತಿರುಗಿಸಿಟ್ಟಿದ್ದಕ್ಕೆ ಕಾರಣ ಇದೆ. ನೀನು ಹೋಟೆಲ್ ಮ್ಯಾನೇಜರ್ ಆದೆ ಅಂತ ಎಲ್ರೂ ಸ್ವೀಟ್ ತಿಂದ್ರಿ, ನಂಗೂ ಖುಷಿನೇ. ಆದ್ರೆ ದಿಂಬಿನ ಕವರಿನ ಬಾಯಿ ಬಾಗಲ ಕಡೆ ಇದ್ರೆ ನಂಗೆ ನಿದ್ದೆ ಹತ್ತಲ್ಲ. ಹೋಟೆಲಲ್ಲಿ ಅದೊಂದು ನೇಮ, ಗೊತ್ತಾ, ಗೆಸ್ಟ್ ಬಾಗಲು ತೆಗೆದ್ರೆ ಕವರಿನ ಬಾಯಿ ಕಾಣಬಾರದು. ನಂಗದನ್ನ ಹೇಳ್ಕೊಟ್ಟೋಳು ಸರೋಜ, ಮಾಕಳಿ ಊರೋಳು. ಯಶವಂತಪುರದ ಹೋಟೆಲಲ್ಲಿ ನಾವಿಬ್ರೂ ರೂಮ್ ಕ್ಲೀನ್ ಮಾಡೋರು. ನಾನು ಕೋಗಿಲು ಊರಿಂದ ಎರಡು ಬಸ್ಸು ಹತ್ತಿ ಬರ್ತಿದ್ದೆ, ಅಲ್ಲ, ಮೂರು, ಹೆಬ್ಬಾಳದಲ್ಲೂ ಇಳೀಬೇಕಿತ್ತು. ತಡ ಆದ್ರೆ ನನ್ ರೂಮೂ ಅವಳೇ ಮಾಡಿಟ್ಟಿರೋಳು.

ಆಗ ಸೂಪರ್‌ವೈಸರ್ ಅಂದ್ರೆ ಗಂಡಸರೇ. ಮೊದಲನೇ ಸಲ ಒಬ್ಬ ಹೆಂಗಸಿಗೆ ಕೊಡ್ತೀವಿ ಅಂದ್ರು. ಒಂದೋ ಅವಳು, ಇಲ್ಲಾಂದ್ರೆ ನಾನು. ಕೆಲಸದಲ್ಲಿ ಅವಳೇ ಮುಂದೆ, ಅದ್ರಲ್ಲಿ ಎರಡು ಮಾತಿಲ್ಲ. ಮ್ಯಾನೇಜರ್ ರೂಮ್ ನೋಡೋಕೆ ಬರೋ ದಿನಾನೇ ಅವಳ ಕೈಗೆ ಗಾಜು ಚುಚ್ಚಿಬಿಡ್ತು. ಅವಳ ಪಾಲಿನ ಮುನ್ನೂರನಾಲ್ಕನೇ ರೂಮಿನ ಹಾಸಿಗೆ ನಾನು ಹಾಸಿದೆ. ಗಡಿಬಿಡೀಲಿ ಒಂದು ದಿಂಬು ಉಲ್ಟಾ ಇಟ್ಟೆ, ಬಾಯಿ ಬಾಗಲ ಕಡೆಗೆ. ಮ್ಯಾನೇಜರ್ ಕಣ್ಣು ಸೀದಾ ಅದರ ಮೇಲೇ ಬಿತ್ತು.

"ಈ ರೂಮ್ ಯಾರ್ದಮ್ಮ?" ಅಂದ್ರು. ಡ್ಯೂಟಿ ಚೀಟೀಲಿ ಇದ್ದಿದ್ದು ಅವಳ ಹೆಸರು. ಸರೋಜ ನನ್ ಮುಖ ನೋಡಿದ್ಲು. ನಾನು ಟ್ರಾಲಿ ಮೇಲಿನ ಟವೆಲ್ ನೋಡ್ದೆ. ಅವಳು "ನಂದೇ ಸರ್" ಅಂದ್ಲು. ಸೂಪರ್‌ವೈಸರ್ ನಾನಾದೆ.

ಆಮೇಲೆ ಹತ್ತಿದ್ದೇ ಹತ್ತಿದ್ದು ನಾನು. ಕೊನೆಗೆ ಇಡೀ ಹೋಟೆಲಿಗೇ ಜನರಲ್ ಮ್ಯಾನೇಜರ್. ಮೀಟಿಂಗಲ್ಲಿ ಗಂಡಸರು ಅಭ್ಯಾಸಬಲಕ್ಕೆ ನಂಗೂ "ಯೆಸ್ ಸರ್" ಅಂದ್ಬಿಡೋರು, ನಗು ಬರೋದು. ಅದಕ್ಕೂ ಮುಂಚೆ ಪ್ರಮೋಷನ್ ಲಿಸ್ಟು ಎಷ್ಟೋ ಸಲ ನನ್ ಟೇಬಲ್‌ಗೆ ಬಂತು. ಅವಳ ಹೆಸರು ನಾನು ಬರೀಲಿಲ್ಲ ಕಣೇ. ಮೇಲೆ ಬಂದ್ರೆ ಒಂದಿನ ಬಾಯಿ ಬಿಡ್ತಾಳೆ ಅಂತ ಭಯ.

ಜನರಲ್ ಮ್ಯಾನೇಜರ್ ಆಗಿ ಮೊದಲನೇ ದಿನ ರೌಂಡ್ಸ್ ಹೋದೆ. ಮುನ್ನೂರನಾಲ್ಕರಲ್ಲಿ ಅವಳೇ, ತಲೆಯೆಲ್ಲ ಬೆಳ್ಳಗಾಗಿತ್ತು, ದಿಂಬಿಗೆ ಕವರ್ ಹಾಕ್ತಿದ್ಲು. ಆ ತಿಂಗಳ ಕೊನೆಗೆ ರಿಟೈರ್ಡು. "ಗುಡ್ ಮಾರ್ನಿಂಗ್ ಮೇಡಂ" ಅಂದ್ಲು. ನಾನು ಬಾಗಲು ಹಾಕಿ, ಅವತ್ತು ಯಾಕೆ ಹೇಳ್ಲಿಲ್ಲ ಸರೋಜ ಅಂತ ಕೇಳೇಬಿಟ್ಟೆ.

ದಿಂಬು ಇಟ್ಲು, ಬಾಯಿ ಆ ಕಡೆ ತಿರುಗಿಸಿದ್ಲು. "ಒಬ್ಳಾದ್ರೂ ಮ್ಯಾಕ್ಕೋಗ್ಲಿ ಅಂತ ಸುಮ್ಕಿದ್ದೆ. ನೀ ಮ್ಯಾಕ್ಕೋದ್ಮೇಲೆ ನನ್ನೂ ಕರೀತೀಯ ಅಂದ್ಕೊಂಡಿದ್ದೆ" ಅಂದ್ಲು. ಕೋಪ ಇರ್ಲಿಲ್ಲ ದನೀಲಿ, ಅದೇ ನನ್ನ ಇವತ್ತಿಗೂ ಸುಡೋದು. ಹಾಸಿಗೆ ಮೇಲೆ ತಲೆ ಇಟ್ರೆ ಸಾಕು, ಕಿವೀಲಿ ಅದೇ ಮಾತು, ಕರೀತೀಯ ಅಂದ್ಕೊಂಡಿದ್ದೆ, ಕರೀತೀಯ ಅಂದ್ಕೊಂಡಿದ್ದೆ.

ನೀನು ನಾಳೆ ಕುರ್ಚೀಲಿ ಕೂತ ತಕ್ಷಣ, ನಿಂಗೆ ಕೆಲಸ ಕಲಿಸಿದೋಳು ಯಾರು ಅಂತ ನೆನಪು ಮಾಡ್ಕೊಂಡು ಮೊದಲು ಅವಳನ್ನ ಕರಿ. ಏಳು, ಆ ಇನ್ನೊಂದು ದಿಂಬೂ ತಿರುಗಿಸು.