ದೊಡ್ಡವರಿಗೆ ದೊಡ್ಡ ಡಾಕ್ಟ್ರು

ಏಳ್ಬೇಡ, ಏಳ್ಬೇಡ! ಗಂಟಲಲ್ಲಿ ಕೊಳವೆ ಇದೆ, ಮಾತಾಡೋಕಾಗಲ್ಲ. ನಾನೇ ಕಣೋ, ನಿನ್ನ ಅತ್ತಿಗೆ... ಹೂಂ, ಅಣ್ಣ ಹೇಗಿದ್ದಾರೆ ಅಂತ ತಾನೆ? ‘ಅಣ್ಣ, ಅಣ್ಣ’ ಅಂತ ಅಂಗೈ ಮೇಲೆ ಎಷ್ಟು ಸಲ ಬರೀತೀಯೋ ಮರಿ, ಕಚಗುಳಿ ಆಗುತ್ತೆ. ಮೂರನೇ ಮಹಡೀಲಿದ್ದಾರೆ. ನಿದ್ದೆ ಮಾಡ್ತಿದ್ದಾರೆ.

ಯಾಕೆ ಹುಬ್ಬು ಗಂಟಿಕ್ತೀಯ? ನಿನ್ನನ್ನ ಈ ಕೆಳಗಿನ ಐಸಿಯುಗೆ ಹಾಕಿದ್ವಿ ಅಂತ ಕೋಪಾನಾ? ವರ್ಕ್‌ಶಾಪ್ ಹಿಂದಿನ ಮೋರಿಯಿಂದ ಒಂದೇ ತುಕ್ಕು ತಗಡು ಎತ್ತಿದ್ರಿ, ಇಬ್ಬರ ಕೈಯೂ ಕುಯ್ತು, ಇಬ್ಬರಿಗೂ ನಂಜು ರಕ್ತಕ್ಕೇರಿತು. ಅಣ್ಣತಮ್ಮಂದಿರು ಅಂದ್ರೆ ಹೀಗಿರಬೇಕು ನೋಡು... ನಗಬೇಡ, ಕೊಳವೆ ಎಳೆಯುತ್ತೆ.

ಅವತ್ತು ನಾವೇ ಹೇಳಿದ್ದು. ದೊಡ್ಡವರಿಗೆ ದೊಡ್ಡ ಡಾಕ್ಟ್ರು ಇರ್ಲಿ ಅಂತ. ಹೆಸರುವಾಸಿ, ನಮ್ಮ ಗುರುತಿನವರು ಬೇರೆ. ಮೇಲಿನ ಐಸಿಯುನಲ್ಲಿ ಪ್ರತಿ ರೋಗಿಗೂ ಅವರವರ ಡಾಕ್ಟ್ರೇ, ಬೇರೆಯವರು ಕೈ ಹಾಕಲ್ಲ. ನಿನಗೆ ಇಲ್ಲಿ ಡ್ಯೂಟಿ ಡಾಕ್ಟ್ರು, ಚಿಕ್ಕ ಹುಡುಗಿ... ತಮ್ಮನಿಗೆ ಅನ್ಯಾಯ ಆಯ್ತೇನೋ ಅಂತ ನಿಮ್ಮಣ್ಣ ಒದ್ದಾಡಿಬಿಟ್ರು.

ಆ ಹುಡುಗಿ ಇಲ್ಲಿಂದ ಕದಲ್ಲಿಲ್ಲ ಕಣೋ. ನಿನ್ನ ಬಿಪಿ ಇಳೀತು, ಬಂದ್ಲು. ಮತ್ತೆ ಇಳೀತು, ಮತ್ತೆ ಬಂದ್ಲು. ಯಾರನ್ನೂ ಕೇಳ್ಲಿಲ್ಲ, ಯಾರಿಗೂ ಕಾಯ್ಲಿಲ್ಲ. ಇಲ್ಲಿ ಎಲ್ಲಾ ಹಾಸಿಗೆಗೂ ಅವಳದೇ ಮಾತು.

ಮೇಲಾ?... ಮೇಲಿರೋರೂ ಒಳ್ಳೆಯವರೇ. ನಿಮ್ಮಣ್ಣನ ಬಿಪಿ ಇಳಿದಿದ್ದನ್ನ ನರ್ಸ್ ತಕ್ಷಣ ನೋಡಿದ್ಲು. ಔಷಧಿ ಬದಲಾಯಿಸೋಕೆ ಅವರ ಡಾಕ್ಟ್ರೇ ಹೇಳ್ಬೇಕಂತೆ. ಅವರು ಆಪರೇಷನ್‌ನಲ್ಲಿದ್ರು. ಪಕ್ಕದ ಹಾಸಿಗೆ ನೋಡೋಕೆ ಬೇರೆ ಡಾಕ್ಟ್ರು ಬಂದಿದ್ರು, ಕೈ ಮುಗಿದೆ. ‘ಅವರ ಪೇಷೆಂಟ್‌ನ ನಾನು ಮುಟ್ಟೋ ಹಾಗಿಲ್ಲಮ್ಮ, ಇನ್ನೇನು ಬಂದುಬಿಡ್ತಾರೆ’ ಅಂದ್ರು. ಮರ್ಯಾದಸ್ಥರು. ಎಲ್ಲರೂ ಮರ್ಯಾದಸ್ಥರೇ ಅಲ್ಲಿ.

ಬಂದ್ರು ಕಣೋ, ಬರದೇ ಏನು? ಗ್ಲೌಸ್ ಕೂಡ ಬಿಚ್ಚದೆ ಓಡಿಬಂದ್ರು... ಆಮೇಲೆ ನಿಮ್ಮಣ್ಣ ನಿದ್ದೆ ಮಾಡಿದ್ರು.

ಏನು, ನನ್ನ ಕೈ ತಣ್ಣಗಿದೆಯಾ? ಇಲ್ಲಿ ಎಸಿ ಜಾಸ್ತಿ ಕಣೋ. ಬಾಗಿಲು ಯಾಕೆ ತೋರಿಸ್ತೀಯ? ಮೇಲೆ ಹೋಗಿ ಅವರನ್ನ ನೋಡ್ಕೊಂಡು ಬಾ ಅಂತಾನಾ? ಬೇಡ ಬಿಡು. ಬೆಳಗ್ಗಿಂದ ಇಲ್ಲೇ ಕೂತಿದ್ದೀನಿ, ಇಲ್ಲೇ ಇರ್ತೀನಿ. ಅಲ್ಲಿ ನನಗಿನ್ನೇನು ಕೆಲಸ...

ಯಾಕೋ ಹಾಗೆ ನೋಡ್ತೀಯ? ಕೈ ಯಾಕೆ ಬಿಟ್ಟೆ?... ತಗೋ, ಬರಿ. ಅಣ್ಣ ಅಂತ ಬರಿ ಮರಿ. ನಿಲ್ಲಿಸ್ಬೇಡ ಕಣೋ. ನೀನು ಕೇಳ್ತಾ ಇದ್ರೆ ತಾನೆ, ಮೂರನೇ ಮಹಡೀಲಿದ್ದಾರೆ ಅಂತ ನಾನು ಹೇಳ್ತಾ ಇರೋಕಾಗೋದು.