ಎಂಟನೆಯ ಅಧ್ಯಾಯದ ಚಿಕ್ಕಮ್ಮ

ಒಂದು ಕಾದಂಬರಿಯನ್ನು ತರಗತಿಯವರೆಲ್ಲ ಒಬ್ಬರಿಗೊಂದು ಅಧ್ಯಾಯದಂತೆ ಹಂಚಿಕೊಂಡು, ತಂತಮ್ಮ ಪಾಲನ್ನಷ್ಟೇ ಓದಿ, ಸಾರಾಂಶಗಳನ್ನು ಪೋಣಿಸಿ ಪರೀಕ್ಷೆಗೆ ಕೈಪಿಡಿ ಮಾಡಿಕೊಳ್ಳುವ ಜಾಣತನ ಕಂಡರೆ ನಿವೃತ್ತ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಜೆರಾಕ್ಸ್ ಅಂಗಡಿಯ ಸರದಿಯಲ್ಲಿ ಅವರ ಮುಂದಿದ್ದ ಇಬ್ಬರು ವಿದ್ಯಾರ್ಥಿನಿಯರು ಅಂಥದ್ದೇ ಕಟ್ಟು ಹಿಡಿದು ನಿಂತಿದ್ದರು. ಉದ್ದ ಜಡೆಯವಳು ಗೆಳತಿಯ ಹಾಳೆ ಓದುವುದನ್ನು ನಡುವೆಯೇ ನಿಲ್ಲಿಸಿದಳು.

“ಎಂಟನೇ ಅಧ್ಯಾಯದಲ್ಲಿ ‘ಕ್ರೂರಿ ಮಲತಾಯಿ’ ಅಂತ ಬರ್ದಿದ್ದೀಯಲ್ಲೇ, ಯಾರದು?”

“ಹುಡುಗನ್ನ ಹಾಸ್ಟೆಲಿಗೆ ಅಟ್ತಾಳಲ್ಲ, ಅವಳು. ಪಾಪ, ಅವನು ಚಿಕ್ಕಮ್ಮ ಚಿಕ್ಕಮ್ಮ ಅಂತ ಅಳ್ತಾನೆ.”

“ಮಲತಾಯಿ ಅಲ್ಲ ಕಣೇ, ತಾಯಿಯ ತಂಗಿ. ನನ್ನ ಎರಡನೇ ಅಧ್ಯಾಯದಲ್ಲಿ, ಅಕ್ಕನ ಮಗು ಸಾಕಬೇಕು ಅಂತ ಮದುವೇನೇ ಬೇಡ ಅಂದಿದ್ಲು.”

“ನನ್ನ ಅಧ್ಯಾಯದಲ್ಲಿ ಅದೆಲ್ಲ ಇಲ್ಲಪ್ಪ.”

“ಯಾಕೆ ಅಟ್ಟಿದ್ಲು ಅಂತಾದ್ರೂ ಇದೆಯಾ?”

“ಒಂಬತ್ತನೇ ಅಧ್ಯಾಯದವಳನ್ನ ಕೇಳು.”

“ಇಡೀ ಕ್ಲಾಸು ಆ ಚಿಕ್ಕಮ್ಮನ್ನ ಕ್ರೂರಿ ಅಂತ ಬರೆಯತ್ತೆ.”

“ಬರೀಲಿ ಬಿಡೇ. ಅವಳೇನು ನಿನ್ನ ಚಿಕ್ಕಮ್ಮನಾ?”

ಜಡೆಯವಳು ಹಾಳೆಯ ಮೇಲಿನ ‘ಕ್ರೂರಿ’ ಎಂಬ ಪದದ ಮೇಲೆ ಬೆರಳಿಟ್ಟಳು.

“ನನ್ನನ್ನ ಸಾಕಿದ್ದೂ ಚಿಕ್ಕಮ್ಮನೇ. ಹಾಸ್ಟೆಲಿಗೆ ಬಿಟ್ಟು ಹೋಗುವಾಗ ಗೇಟಿನ ಹತ್ರ ನನಗಿಂತ ಜಾಸ್ತಿ ಅತ್ತಿದ್ಲು.”

ಗೆಳತಿ ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

“ಪುಸ್ತಕ ಯಾರ ಹತ್ರ ಇದೆ?”

“ಒಂದನೇ ಅಧ್ಯಾಯದವಳ ಹತ್ರ. ಮೊದಲಿಂದ ಓದ್ಬೇಕಾಗತ್ತೆ, ನೋಡು.”

“ಓದೋಣ, ನಡಿ.”

ಇಬ್ಬರೂ ಸರದಿ ಬಿಟ್ಟು ಹೊರಟರು. ನಾಲಗೆಯ ತುದಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡು ಮೇಷ್ಟ್ರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.